ವಿದ್ಯಾರ್ಥಿಯ ಕೋಣೆ



ಮೈಸೂರಿನಿಂದ ನಂಜನಗೂಡಿನ ಕಡೆಗೆ ಹೋಗುವ ರೈಲಿನಲ್ಲಿ ಕುಳಿತರೆ, ಕಡಕೊಳ ದಾಟಿದ ಮೇಲೆ ತಾಂಡವಪುರವೆಂಬ ಸಣ್ಣ ನಿಲ್ದಾಣ ಸಿಕ್ಕುತ್ತದೆ. ನಾನು ಮನೆಮಾಡಿಕೊಂಡಿರುವುದು ಆ ಊರಿನಲ್ಲಿ. ಊರಿನ ಸುತ್ತ ಈಗ ಕಾರ್ಖಾನೆಗಳೆದ್ದಿವೆ, ತಾಂತ್ರಿಕ ವಿದ್ಯಾಲಯವೊಂದು ಬಂದಿದೆ. ಆದ್ದರಿಂದ ಹೊರ ಊರುಗಳ ಹುಡುಗರು ಇಲ್ಲಿಯೂ ಆಚೀಚೆಯ ಹಳ್ಳಿಗಳಲ್ಲಿಯೂ ಬಾಡಿಗೆಗೆ ಕೋಣೆ ಹಿಡಿದು ಓದುತ್ತಿದ್ದಾರೆ. ಅಂತಹ ಒಂದು ಕೋಣೆಗೆ ಕಳೆದ ಮಳೆಗಾಲದಲ್ಲಿ ನಾನು ಹೋಗಬೇಕಾಗಿ ಬಂತು. ಈ ಲೇಖನಕ್ಕೆ ಕಾರಣವಾದದ್ದು ಆ ಕೋಣೆ.

ಹುಡುಗ ತಿರುಮಕೂಡಲು ನರಸೀಪುರದ ಕಡೆಯವನು. ನಾನು ಆ ತಾಲ್ಲೂಕಿನಲ್ಲಿ ಕೆಲಸದಲ್ಲಿದ್ದಾಗ ನನ್ನ ಬಳಿ ಕನ್ನಡ ಓದಿದವನು; ಹಳಗನ್ನಡದ ಪದ್ಯವನ್ನು ತಡವರಿಸದೆ ಬಿಡಿಸುತ್ತಿದ್ದ ಜಾಣ. ಬಾಗಿಲು ತೆಗೆದವನೇ, ‘ಬನ್ನಿ ಮೇಷ್ಟ್ರೇ’ ಎಂದು ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿ ಹಾಸಿಗೆಯ ಮೇಲೆ ಹಾಕಿದ. ಹಾಸಿಗೆಯ ಮೇಲೆ ಆಗಲೇ ಒಣಗಿದ ಬಟ್ಟೆಯ ರಾಶಿಯಿತ್ತು. ಕಿಟಕಿಯಲ್ಲಿ ಎರಡು ದಿನದ ಊಟದ ಡಬ್ಬಿ, ನೆಲದ ಮೇಲೆ ಬಿಡಿ ಹಾಳೆ, ಮೂಲೆಯಲ್ಲಿ ಕೆಸರಿನ ಬೂಟು. ಊರಿನ ಹೆಸರಿಗೆ ತಕ್ಕಂತೆ ಆ ಕೋಣೆಯಲ್ಲಿ ಸಮಸ್ತ ವಸ್ತುಗಳೂ ತಾಂಡವವಾಡುತ್ತಿದ್ದವು ಎಂದರೆ ಸಾಕು.

ನನಗೆ ತಡೆಯಲಾಗಲಿಲ್ಲ. ‘ಇದೇನಪ್ಪ, ಕೋಣೆಯೋ ಕೊಟ್ಟಿಗೆಯೋ?’ ಎಂದು ಆರಂಭಿಸಿ ಶುಚಿತ್ವ, ಶಿಸ್ತು, ಸರಸ್ವತಿ ಎಂದೆಲ್ಲ ಕಾಲು ಗಂಟೆ ಉಪದೇಶ ಮಾಡಿದೆ. ಹುಡುಗ ಎದುರಾಡಲಿಲ್ಲ, ತಲೆ ತಗ್ಗಿಸಿ ಹಾಳೆಗಳನ್ನು ಆಯ್ದುಕೊಳ್ಳುತ್ತಿದ್ದ. ಹೊರಡುವಾಗ ಬಾಗಿಲ ಹಿಂದೆ ಅಂಟಿಸಿದ್ದ ಒಂದು ಕಾಗದ ಕಣ್ಣಿಗೆ ಬಿತ್ತು. ಅದು ಅವನ ದಿನಚರಿ. ಬೆಳಗ್ಗೆ ೯ರಿಂದ ಸಂಜೆ ೪-೩೦ರವರೆಗೆ ತರಗತಿ. ೫-೩೦ರಿಂದ ೯-೩೦ರವರೆಗೆ ನಿದ್ದೆ. ರಾತ್ರಿ ೧೦ರಿಂದ ಬೆಳಗ್ಗೆ ೬ರವರೆಗೆ ಕೆಲಸ. ಭಾನುವಾರದ ಎದುರಿಗೆ ‘ಬಟ್ಟೆ, ಓದು, ಅಮ್ಮ’ ಎಂದು ಮೂರೇ ಮಾತು ಬರೆದಿತ್ತು. ಕೋಣೆ ಗುಡಿಸಲು ಆ ಕಾಗದದಲ್ಲಿ ಎಲ್ಲಿಯೂ ಸ್ಥಳವಿರಲಿಲ್ಲ.

ಮನೆಗೆ ನಡೆದು ಬರುವಾಗ ನನಗೆ ನಾಚಿಕೆಯಾಯಿತು. ಒಡೆದ ಕಲ್ಲಿನ ಮೇಲಿನ ಸವೆದ ಅಕ್ಷರವನ್ನು ಕೂಡಿಸಿ ಓದಬೇಕು, ಓದುವ ಮೊದಲು ಅರ್ಥ ಹೇಳಬಾರದು ಎಂದು ನಮ್ಮ ಗುರುಗಳು ಕಲಿಸಿದ್ದರು. ನಾನಾದರೋ ಬಾಗಿಲ ಹಿಂದಿನ ನಾಲ್ಕು ಸಾಲು ಓದುವ ಮೊದಲೇ ತೀರ್ಪು ಕೊಟ್ಟು ಬಂದಿದ್ದೆ. ವಿದ್ಯಾರ್ಥಿಯ ಕೋಣೆ ಕೂಡ ಒಂದು ಶಾಸನವೇ; ಅವನ ಕಾಲ ಹೇಗೆ ಹಂಚಿಹೋಗಿದೆ, ಅವನ ಹೊರೆಯನ್ನು ಯಾರು ಹೊರುತ್ತಿದ್ದಾರೆ ಎಂಬುದು ಅದರಲ್ಲಿ ಬರೆದಿರುತ್ತದೆ. ಈ ದೃಷ್ಟಿಯಿಂದ ನಮ್ಮ ನಾಡಿನ ವಿದ್ಯಾರ್ಥಿಗಳು ಎಲ್ಲಿ ಮಲಗಿದರು, ಎಲ್ಲಿ ಓದಿದರು, ಅವರ ದೀಪಕ್ಕೆ ಎಣ್ಣೆ ಯಾರು ಎರೆದರು ಎಂಬುದನ್ನು ನಿಮ್ಮೊಡನೆ ಸ್ವಲ್ಪ ವಿಚಾರಮಾಡಬೇಕೆಂದಿದ್ದೇನೆ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ಅಲ್ಲಿ ದೊರೆತ ಕ್ರಿ. ಶ. ೯೪೫ರ ಶಾಸನ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣನೆಂಬುವನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದುದರಿಂದ ಅವರು ಉಳಿದುಕೊಳ್ಳಲು ೨೭ ಮನೆಗಳನ್ನು ಬಿಟ್ಟುಕೊಟ್ಟಿದ್ದರು. ಇದರಷ್ಟೇ ಸ್ವಾರಸ್ಯವಾದ ಇನ್ನೊಂದು ಮಾತು ಆ ಶಾಸನದಲ್ಲಿದೆ. ದೀಪಕ್ಕೆಂದೇ ೧೨ ನಿವರ್ತನ ಭೂಮಿಯನ್ನು ಪ್ರತ್ಯೇಕವಾಗಿ ದತ್ತಿ ಕೊಟ್ಟಿದ್ದರು. ಊರಿನಲ್ಲಿ ಮದುವೆಯಾದರೆ ಶಾಲೆಗೆ ೫ ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರಲ್ಲಿಯೂ ಅರ್ಧ ಸಲ್ಲಬೇಕೆಂದು ಕಟ್ಟುಮಾಡಿದ್ದರು. ಇನ್ನೊಬ್ಬರ ಮನೆಯ ಹುಡುಗನ ಓದಿಗೆ ಊರಿಗೆ ಊರೇ ಬಾಧ್ಯಸ್ಥವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಗೆ ಬನ್ನಿ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ, ೧೦೫೮ರಲ್ಲಿ ಬರೆಸಿದ ಶಾಸನ ಅಲ್ಲಿನ ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ವೇದ ಓದುವವರೇ ೨೦೦ ಮಂದಿ. ಶಾಸ್ತ್ರ ಓದುವವರು ಬೇರೆ. ಪಾಠ ಹೇಳಲು ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇವರ ಜೊತೆಗೆ ೬ ಮಂದಿ ‘ಸರಸ್ವತೀ ಭಂಡಾರಿಗರು’ ಇದ್ದರು, ಎಂದರೆ ಪುಸ್ತಕಗಳನ್ನು ಕಾಯುವವರು. ಪಾಠ ಹೇಳುವವರು ಎಷ್ಟೋ ಪುಸ್ತಕ ಜೋಡಿಸುವವರೂ ಅಷ್ಟೇ ಇದ್ದರೆಂಬುದನ್ನು ನೀವು ಗಮನಿಸಬೇಕು. ತಾಳೆಯೋಲೆಯ ಕಟ್ಟು ಚೆಲ್ಲಾಪಿಲ್ಲಿಯಾದರೆ ಮತ್ತೆ ಸರಿಪಡಿಸುವುದು ಎಷ್ಟು ಕಷ್ಟವೆಂದು ಆ ಕಾಲದವರಿಗೆ ಗೊತ್ತಿತ್ತು. ಅದನ್ನು ಓದುವ ಹುಡುಗನ ತಲೆಯ ಮೇಲೆ ಹೊರಿಸದೆ, ಅದಕ್ಕೆಂದೇ ಜನರನ್ನು ನೇಮಿಸಿ ಸಂಬಳಕ್ಕೆ ಭೂಮಿ ಕೊಟ್ಟರು.

ಹಳೆಯ ಕಾಲವನ್ನು ಹೊಗಳುವಾಗ ಒಂದು ಸತ್ಯವನ್ನು ಮರೆಮಾಚಬಾರದು. ಈ ಮನೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ವೇದಶಾಸ್ತ್ರಗಳ ಆ ಶಾಲೆಗಳು ಒಂದು ವರ್ಗದ ಗಂಡುಮಕ್ಕಳಿಗೆ ಮೀಸಲಾಗಿದ್ದವು. ದೀಪದ ಹೊಲವನ್ನು ಉತ್ತವನ ಮಗ ಆ ದೀಪದ ಬೆಳಕಿನಲ್ಲಿ ಕುಳಿತು ಓದಲಿಲ್ಲ. ಈ ಲೋಪವನ್ನು ಸ್ವಲ್ಪವಾದರೂ ತುಂಬಲು ನಾಡಿಗೆ ಒಂಬೈನೂರು ವರ್ಷ ಹಿಡಿಯಿತು.

ಇನ್ನು ಹಳೆಯ ಮೈಸೂರು ಸಂಸ್ಥಾನಕ್ಕೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೩ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ಇಂಗ್ಲಿಷ್ ಶಾಲೆಯೇ ಮುಂದೆ ಬೆಳೆದು ಮಹಾರಾಜಾ ಕಾಲೇಜಾಯಿತು. ಶಾಲೆಯೇನೋ ಬಂತು, ಹಳ್ಳಿಯಿಂದ ಬಂದ ಹುಡುಗ ಉಳಿಯುವುದೆಲ್ಲಿ? ದಿಕ್ಕಿಲ್ಲದ ಬ್ರಾಹ್ಮಣ ಹುಡುಗರಿಗೆ ವಾರಾನ್ನವೇ ಗತಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಒಂದು ಮನೆ ತಪ್ಪಿದರೆ ಅಂದು ತಣ್ಣೀರೇ ಊಟ. ಮಲಗುವುದು ಯಾರದೋ ಜಗಲಿ ಅಥವಾ ದೇವಸ್ಥಾನದ ಕೈಸಾಲೆ. ಆಸ್ತಿಯೆಂದರೆ ಒಂದು ಚಾಪೆ, ಒಂದು ಪಂಚೆ, ಬಟ್ಟೆಯಲ್ಲಿ ಕಟ್ಟಿದ ಪುಸ್ತಕ. ಎಸ್. ಎಲ್. ಭೈರಪ್ಪನವರು ೧೯೯೬ರಲ್ಲಿ ಪ್ರಕಟಿಸಿದ ‘ಭಿತ್ತಿ’ಯನ್ನು ಓದಿದವರಿಗೆ ಈ ಹಸಿವಿನ ರುಚಿ ಗೊತ್ತಿದೆ, ವಾರಾನ್ನದ ಕಾಲ ನಾವು ತಿಳಿದುಕೊಂಡಷ್ಟು ದೂರದ್ದಲ್ಲ.

‘ನಮ್ಮ ಕಾಲದಲ್ಲಿ ಇಂತಹ ಅವ್ಯವಸ್ಥೆ ಇರಲಿಲ್ಲ’ ಎಂದು ಹಿರಿಯರು ಹೇಳುವುದುಂಟು. ನಿಜವೇ. ಚೆಲ್ಲಾಡಲು ಏನಾದರೂ ಇದ್ದರೆ ತಾನೆ ಚೆಲ್ಲಾಡುವುದು! ಬಟ್ಟೆ ಗೂಟದ ಮೇಲೆ, ಪುಸ್ತಕ ಗೂಡಿನಲ್ಲಿ, ಪೆಟ್ಟಿಗೆ ನಾಗಂದಿಗೆಯ ಮೇಲೆ; ಅಷ್ಟಕ್ಕೆ ಲೋಕ ಮುಗಿಯಿತು. ಅದು ಶಿಸ್ತಿನಷ್ಟೇ ಬಡತನವೂ ಆಗಿತ್ತು.

೧೮೯೧ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂತು. ೧೯೨೬ರಲ್ಲಿ ಅದು ಚಾಮರಾಜನಗರದವರೆಗೆ ಮುಂದುವರಿಯಿತು. ೧೯೦೮ರಲ್ಲಿ ಮೈಸೂರಿಗೆ ಶಿವನಸಮುದ್ರದ ವಿದ್ಯುತ್ತು ಬಂದು ದೀಪದ ಹೊಲದ ಕೆಲಸವನ್ನು ಕಾವೇರಿ ವಹಿಸಿಕೊಂಡಳು. ೧೯೧೬ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಹೀಗೆ ದಾರಿ, ದೀಪ, ಓದು ಮೂರೂ ಒಂದು ಊರಿನಲ್ಲಿ ಸೇರಲು ಹಳ್ಳಿಯ ಹುಡುಗರು ಪಟ್ಟಣಕ್ಕೆ ಬಂದರು. ಅವರೊಂದಿಗೆ ನಮ್ಮ ಭಾಷೆಗೆ ಒಂದು ಹೊಸ ನುಡಿಗಟ್ಟೂ ಬಂತು. ಸಂಸಾರಸ್ಥನು ‘ಮನೆ ಮಾಡುತ್ತಾನೆ’. ವಿದ್ಯಾರ್ಥಿಯು ‘ರೂಮು ಮಾಡುತ್ತಾನೆ’. ಈ ಎರಡು ಮಾತುಗಳ ಅಂತರವನ್ನು ನೋಡಿ. ಮನೆ ಮಾಡಿದವನಿಗೆ ಜೊತೆಯಲ್ಲಿ ಜನರಿದ್ದಾರೆ. ರೂಮು ಮಾಡಿದವನು ಒಬ್ಬನೇ. ನೀರು ತುಂಬುವವನೂ ಅವನೇ, ಅನ್ನ ಬೇಯಿಸುವವನೂ ಅವನೇ, ಜ್ವರ ಬಂದರೆ ಕಷಾಯ ಕಾಯಿಸಿಕೊಳ್ಳುವವನೂ ಅವನೇ. ಈ ನಡುವೆ ಪರೀಕ್ಷೆಗೂ ಓದಬೇಕು.

ದೊಡ್ಡವರ ಬಾಳಿನಲ್ಲಿಯೂ ಈ ಒಂಟಿತನ ಬಂದಿದೆ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಸಂಪಾದಿಸುತ್ತಾ ಓದಿ ೧೮೮೧ರಲ್ಲಿ ಬಿ. ಎ. ಪದವಿ ಪಡೆದರು. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಬಂದ ಕುವೆಂಪು ಅವರು ಬಾಡಿಗೆಯ ಕೋಣೆಯಲ್ಲಿದ್ದು ಓದಿದವರು. ಆ ಕೋಣೆಯ ವಾಸದಲ್ಲಿ ಆರೋಗ್ಯ ಕೆಟ್ಟಾಗ ಅವರನ್ನು ಕರೆದುಕೊಂಡು ಹೋಗಿ ಶ್ರೀ ರಾಮಕೃಷ್ಣಾಶ್ರಮದಲ್ಲಿ ಇರಿಸಿಕೊಂಡವರು ಸ್ವಾಮಿ ಸಿದ್ಧೇಶ್ವರಾನಂದರು. ಅದು ೧೯೨೬ರ ಮಾತು. ಮುಂದೆ ಸುಮಾರು ಹತ್ತು ವರ್ಷ ಅವರು ಅಲ್ಲಿಯೇ ಇದ್ದು ಓದಿದರು, ಬರೆದರು. ಅಂದು ಯಾರೂ ಆ ಕೋಣೆಯ ಬಾಗಿಲು ತಟ್ಟದೆ ಇದ್ದಿದ್ದರೆ ಕನ್ನಡಕ್ಕೆ ಏನಾಗುತ್ತಿತ್ತೋ ಯೋಚಿಸಿ ನೋಡಿ.

ಒಬ್ಬೊಬ್ಬರ ಬಾಗಿಲು ತಟ್ಟಿ ಪೂರೈಸದು ಎಂದು ತಿಳಿದವರು ವಿದ್ಯಾರ್ಥಿನಿಲಯಗಳನ್ನು ತೆರೆದರು. ಮೈಸೂರಿನ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯವನ್ನು ನಡೆಸಿದರು. ತಲಕಾಡು ರಂಗಶೆಟ್ಟರು ಮೈಸೂರಿನಲ್ಲಿ ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಮಕ್ಕಳ ಶಾಲೆ ಮತ್ತು ವಸತಿಗಾಗಿ ದುಡಿದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರು ಅದೇ ಕೆಲಸಕ್ಕೆ ನಿಂತರು. ನಮ್ಮ ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ೧೯೪೦ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಬಡ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ ತೆರೆದರು. ೧೯೫೪ರಲ್ಲಿ ವಿದ್ಯಾಪೀಠವನ್ನು ಸ್ಥಾಪಿಸಿದರು. ೧೯೭೦ರ ದಶಕದಲ್ಲಿ, ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ, ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರದ ವಿದ್ಯಾರ್ಥಿನಿಲಯಗಳು ಹೆಚ್ಚಿದವು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಉಂಡು ಓದಿದ ಒಬ್ಬ ಹುಡುಗ ಮುಂದೆ ಕವಿ ಸಿದ್ಧಲಿಂಗಯ್ಯನಾದರು. ಆ ದಿನಗಳ ಕಷ್ಟವನ್ನೂ ನಗೆಯನ್ನೂ ‘ಊರುಕೇರಿ’ಯಲ್ಲಿ ಬರೆದರು. ದೀಪದ ಹೊಲವನ್ನು ಉತ್ತವನ ಮಗ ಕಡೆಗೂ ದೀಪದ ಮುಂದೆ ಬಂದು ಕುಳಿತನು.

ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಸಾಮಾನ್ಯವಾಗಿ ಒಂದು ಅಚ್ಚುಕಟ್ಟು ಇರುತ್ತಿತ್ತು. ಒಂದು ಕೋಣೆಗೆ ನಾಲ್ಕೈದು ಮಂದಿ. ಗೋಡೆಯ ಉದ್ದಕ್ಕೂ ಕಬ್ಬಿಣದ ಟ್ರಂಕು, ಅದರ ಮೇಲೆ ಸುತ್ತಿದ ಹಾಸಿಗೆ. ಅಚ್ಚುಕಟ್ಟು ಬಂದದ್ದು ಆ ಹುಡುಗರು ನಮ್ಮ ಈಗಿನ ಹುಡುಗರಿಗಿಂತ ಗುಣವಂತರಾಗಿದ್ದರೆಂದಲ್ಲ. ಏಳುವುದಕ್ಕೊಂದು ಗಂಟೆ, ಉಣ್ಣುವುದಕ್ಕೊಂದು ಗಂಟೆ, ದೀಪ ಆರಿಸುವುದಕ್ಕೊಂದು ಗಂಟೆ ಬಾರಿಸುತ್ತಿತ್ತು. ಅಡಿಗೆಯನ್ನು ಯಾರೋ ಮಾಡುತ್ತಿದ್ದರು. ದಿನವನ್ನು ಜೋಡಿಸುವ ಹೊರೆ ಇನ್ನೊಬ್ಬರದಾಗಿದ್ದುದರಿಂದ ಹಾಸಿಗೆ ಸುತ್ತಿಡಲು ಹುಡುಗನಿಗೆ ಕೈ ಬಿಡುವಾಗಿತ್ತು. ಸಾಲೋಟಗಿಯ ದೀಪ, ನಾಗಾವಿಯ ಭಂಡಾರಿಗ, ಹಾಸ್ಟೆಲಿನ ಗಂಟೆ ಮೂರೂ ಹೇಳುವುದು ಒಂದೇ ಮಾತು. ವಿದ್ಯಾರ್ಥಿಯ ಕೋಣೆಯ ವ್ಯವಸ್ಥೆ ಅವನೊಬ್ಬನ ಗುಣವಲ್ಲ. ಅವನ ಬೆನ್ನ ಹಿಂದೆ ನಿಂತ ಜನರ ವ್ಯವಸ್ಥೆ.

ಇಂದಿನ ಕೋಣೆಯನ್ನು ಈಗ ಮತ್ತೊಮ್ಮೆ ನೋಡಿ. ನಿಮ್ಮ ಮನೆಯ ಮಹಡಿಯಲ್ಲಿ ನಿಮ್ಮ ಮಗಳದೊಂದು ಕೋಣೆಯಿರಬಹುದು. ಅವಳು ಮುಂಜಾನೆ ಮನೆಪಾಠಕ್ಕೆ ಹೋಗುತ್ತಾಳೆ, ಅಲ್ಲಿಂದ ಕಾಲೇಜಿಗೆ, ಅಲ್ಲಿಂದ ಮತ್ತೊಂದು ತರಬೇತಿಗೆ. ೧೯೯೪ರಿಂದ ನಮ್ಮ ರಾಜ್ಯದಲ್ಲಿ ವೃತ್ತಿಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆ ಬಂತು. ಆಮೇಲೆ ಅಖಿಲ ಭಾರತದ ಪರೀಕ್ಷೆಗಳು ಸೇರಿಕೊಂಡವು. ಒಂದು ಪರೀಕ್ಷೆಗೆ ಓದುತ್ತಿದ್ದ ಕಡೆ ಮೂರಕ್ಕೆ ಓದಬೇಕಾಗಿದೆ. ಮೂರು ಪರೀಕ್ಷೆಯ ಪುಸ್ತಕಗಳು ಒಂದು ಮೇಜಿನ ಮೇಲೆ ಹಿಡಿಸುವುದು ಹೇಗೆ? ೨೦೨೦ರಲ್ಲಿ ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಮಲಗುವ ಕೋಣೆಯೇ ತರಗತಿಯಾಯಿತು. ಶಾಲೆಯ ಬಾಗಿಲು ಮತ್ತೆ ತೆರೆಯಿತು. ಆದರೆ ಕೈಯಲ್ಲಿನ ಫೋನಿನ ಮೂಲಕ ಕೋಣೆಯೊಳಗೆ ಬಂದ ಶಾಲೆ ಪೂರ್ತಿ ಹೊರಗೆ ಹೋಗಲಿಲ್ಲ. ಪಾಠ, ಸ್ನೇಹಿತರು, ಅಂಕಪಟ್ಟಿ ಎಲ್ಲವೂ ರಾತ್ರಿ ದಿಂಬಿನ ಪಕ್ಕದಲ್ಲಿಯೇ ಇರುತ್ತವೆ.

ಇದರಲ್ಲಿ ಮನಸ್ಸಿನ ಮಾತೂ ಅಡಗಿದೆ. ರೇಡಿಯೊ ಕೇಳುವ ನಿಮಗೆ ಎಂ. ವಿ. ಗೋಪಾಲಸ್ವಾಮಿಯವರ ಹೆಸರು ಹೊಸದಲ್ಲ. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದವರು ಅವರು. ಆದರೆ ಅವರ ಉದ್ಯೋಗ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕತ್ವ ಎಂಬುದನ್ನು ನಾವು ಮರೆತಿರುತ್ತೇವೆ. ಅವರು ಬೋಧಿಸಿದ ಆ ಶಾಸ್ತ್ರವನ್ನು ಬಲ್ಲವರು ಇಂದು ಹೇಳುವುದು ಇದು: ಮನಸ್ಸು ದಣಿದಾಗ ಮೊದಲು ಕೈಬಿಡುವುದು ಸಣ್ಣ ಕೆಲಸಗಳನ್ನು. ಲೋಟ ತೊಳೆಯುವುದು, ಬಟ್ಟೆ ಮಡಿಸುವುದು, ಹಾಳೆ ಜೋಡಿಸುವುದು ನಾಳೆಗೆ ಹೋಗುತ್ತವೆ. ನಾಳೆ ಅವೇ ಬೆಟ್ಟವಾಗಿ ನಿಂತು ದಣಿದ ಮನಸ್ಸನ್ನು ಇನ್ನಷ್ಟು ದಣಿಸುತ್ತವೆ. ಹೀಗೆ ಅವ್ಯವಸ್ಥೆ ಒತ್ತಡದ ಮಗುವೂ ಹೌದು, ತಾಯಿಯೂ ಹೌದು.

ಹಾಗೆಂದು ಕೆದರಿದ ಕೋಣೆಯೆಲ್ಲವೂ ದುಃಖದ ಗುರುತೆಂದು ನಾನು ಹೇಳುತ್ತಿಲ್ಲ. ಬರಿಯ ಸೋಮಾರಿತನದಿಂದ ಕೆದರಿದ ಕೋಣೆಗಳನ್ನು ಮೂವತ್ತು ವರ್ಷ ಮೇಷ್ಟರಾಗಿದ್ದ ನಾನು ಬೇಕಾದಷ್ಟು ಕಂಡಿದ್ದೇನೆ. ಓದಿನ ಉತ್ಸಾಹದಲ್ಲಿ ಕೆದರಿದ ಕೋಣೆಗಳೂ ಉಂಟು. ಥಳಥಳಿಸುವ ಕೋಣೆಯಲ್ಲಿ ಬಾಡಿಹೋಗುತ್ತಿರುವ ಮಗುವೂ ಇರಬಹುದು. ನೋಡಬೇಕಾದದ್ದು ಬದಲಾವಣೆಯನ್ನು. ಅಚ್ಚುಕಟ್ಟಾಗಿದ್ದ ಹುಡುಗಿ ಒಂದು ತಿಂಗಳಿಂದ ಎಲ್ಲವನ್ನೂ ಕೈಬಿಟ್ಟಿದ್ದಾಳೆಯೆ? ಊಟದ ಡಬ್ಬಿ ತುಂಬಿದ್ದ ಹಾಗೆಯೇ ಹಿಂದಿರುಗುತ್ತಿದೆಯೆ? ನಿದ್ದೆ ಕೆಟ್ಟಿದೆಯೆ, ಅಥವಾ ಹಗಲೆಲ್ಲ ಕಿಟಕಿ ಮುಚ್ಚಿ ಮಲಗಿರುತ್ತಾಳೆಯೆ? ಹಾಗಿದ್ದರೆ ಪೊರಕೆಯನ್ನು ಕೈಗೆ ಕೊಡುವ ಮೊದಲು ಪಕ್ಕದಲ್ಲಿ ಕುಳಿತು ಎರಡು ಮಾತಾಡಿ. ನಿಮ್ಮಿಂದಾಗದಿದ್ದರೆ ಬಲ್ಲವರನ್ನು ಕೇಳಲು ಸಂಕೋಚ ಬೇಡ. ೨೦೨೨ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ಸರ್ಕಾರದ ದೂರವಾಣಿ ಸಹಾಯಕ್ಕೆ ೧೪೪೧೬ ಸಂಖ್ಯೆಗೆ ಕರೆಮಾಡಿ ಮಾತಾಡಬಹುದು.

ನನ್ನ ಹುಡುಗನ ಕಥೆ ಏನಾಯಿತೆಂದು ನೀವು ಕೇಳಬಹುದು. ಮರುವಾರ ನಾನು ಮತ್ತೆ ಅವನ ಕೋಣೆಗೆ ಹೋದೆ. ನನ್ನನ್ನು ನೋಡಿ ಗಾಬರಿಯಿಂದ ಬಟ್ಟೆ ಎತ್ತಿಡಲು ಹೋದ. ‘ಅದಿರಲಿ ಕೂತ್ಕೊಳ್ಳಪ್ಪ. ನಿನಗೆ ನಿದ್ದೆ ಸಾಕಾಗುತ್ತದೆಯೆ?’ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲ ಮೇಷ್ಟ್ರೇ’ ಎಂದ. ತಂದೆಯ ಆಸ್ಪತ್ರೆಯ ಸಾಲ ಇನ್ನೂ ತೀರಬೇಕಂತೆ. ಅದಕ್ಕೆ ರಾತ್ರಿಯ ಕೆಲಸ. ಹಿಂದಿನ ಪರೀಕ್ಷೆಯಲ್ಲಿ ಎರಡು ವಿಷಯ ಹೋಗಿತ್ತು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ನನ್ನ ಕಾಲು ಗಂಟೆಯ ಉಪದೇಶದಿಂದ ಹೊರಬರದಿದ್ದ ಸಂಗತಿ ಒಂದು ಪ್ರಶ್ನೆಯಿಂದ ಹೊರಬಂತು.

ಹಾಸ್ಟೆಲಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಸ್ಥಳ ಇನ್ನೂ ಸಿಕ್ಕಿಲ್ಲ. ರಾತ್ರಿಯ ಕೆಲಸ ಬಿಡಿಸುವ ಶಕ್ತಿ ನನ್ನ ಸಂಬಳಕ್ಕಿಲ್ಲ. ನನ್ನ ಮನೆಯಾಕೆ ಒಂದು ದಾರಿ ಹುಡುಕಿದಳು. ‘ಬುಧವಾರ ನಮ್ಮಲ್ಲೇ ಊಟಕ್ಕೆ ಬರಲಿ’ ಎಂದಳು. ಹಳೆಯ ವಾರಾನ್ನದ ಮನೆಗಳಲ್ಲಿ ಎಲೆ ಹಾಕುವ ಮೊದಲು ಜಾತಿ ಕೇಳುತ್ತಿದ್ದರು. ಅವಳು ಕೇಳಿದ್ದು ಖಾರ ಎಷ್ಟು ಬೇಕೆಂದು ಮಾತ್ರ. ಈಗ ನೆರೆಯ ಇನ್ನೊಂದು ಮನೆಯವರು ಶುಕ್ರವಾರವನ್ನು ಒಪ್ಪಿಕೊಂಡಿದ್ದಾರೆ. ಏಳರಲ್ಲಿ ಎರಡು ಮನೆಯಾಯಿತು.

ಬುಧವಾರ ಸಂಜೆ ಐದಕ್ಕೆ ಅವನು ಬರುತ್ತಾನೆ, ಉಣ್ಣುತ್ತಾನೆ, ಕೈತೊಳೆದವನೇ ನಡುಮನೆಯ ಚಾಪೆಯ ಮೇಲೆ ಮಲಗಿಬಿಡುತ್ತಾನೆ. ಚೀಲ ಒಂದು ಕಡೆ, ಬೂಟು ಒಂದು ಕಡೆ, ಪುಸ್ತಕ ಒಂದು ಕಡೆ ಬಿದ್ದಿರುತ್ತವೆ. ನಾನು ಏನೂ ಹೇಳುವುದಿಲ್ಲ. ಒಂಬತ್ತೂವರೆಗೆ ಎಬ್ಬಿಸುವವರೆಗೂ, ಅಂದು ಎಷ್ಟೇ ಒಳ್ಳೆಯ ಕಾರ್ಯಕ್ರಮವಿರಲಿ, ನಮ್ಮ ಮನೆಯ ರೇಡಿಯೊವನ್ನು ಸದ್ದು ತಗ್ಗಿಸಿಯೇ ಕೇಳುತ್ತೇವೆ.